ಮೇಳದ ಮಳಿಗೆಯಲ್ಲಿ ಸ್ಥಳ ಮತ್ತು ದಾಸ್ತಾನಿನ ನಿರ್ವಹಣೆ: ಗ್ರಾಮ ಪಂಚಾಯಿತಿಗಳು ಗಮನಿಸಬೇಕಾದ ಅಂಶಗಳು

ಲೇಖನ: ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಮಸ್ಕಿ ತಾಲೂಕು



ಮಸ್ಕಿ, ಲಿಂಗಸುಗೂರು ಮತ್ತು ಸಿಂಧನೂರು ತಾಲೂಕುಗಳ ತಾಂಡಾಗಳಲ್ಲಿ ಲಂಬಾಣಿ ಕಸೂತಿ ಬಲ್ಲ ಮಹಿಳೆಯರಿದ್ದಾರೆ. ಕೌದಿ ಹೊಲಿಯುವ ಕೈಗಳು ನಮ್ಮ ಹಳ್ಳಿಗಳಲ್ಲಿ ಇನ್ನೂ ಇವೆ. ನೆರೆಯ ಕೊಪ್ಪಳ ಜಿಲ್ಲೆಯಲ್ಲಿ ಕಿನ್ನಾಳದ ಗೊಂಬೆ, ಯಾದಗಿರಿ ಜಿಲ್ಲೆಯಲ್ಲಿ ಸುರಪುರ ಶೈಲಿಯ ಚಿತ್ರ, ಬಾಗಲಕೋಟೆ ಜಿಲ್ಲೆಯಲ್ಲಿ ಇಳಕಲ್ ಸೀರೆ, ಬೀದರಿನಲ್ಲಿ ಬಿದರಿ ಕೆಲಸ ಪ್ರಸಿದ್ಧವಾಗಿವೆ. ಇಂತಹ ವಸ್ತುಗಳನ್ನು ತಯಾರಿಸುವವರು ಊರಾಚೆಯ ಕೊಳ್ಳುಗರನ್ನು ನೇರವಾಗಿ ಕಾಣಲು ಇರುವ ಮುಖ್ಯ ದಾರಿಯೆಂದರೆ ಕಲಾ ಪ್ರದರ್ಶನ, ಸರಸ್ ಮೇಳ, ಉತ್ಸವ ಹಾಗೂ ಜಾತ್ರೆಗಳಲ್ಲಿ ದೊರೆಯುವ ಮಳಿಗೆ.

ಸ್ವಸಹಾಯ ಸಂಘವೊಂದು ಮೇಳಕ್ಕೆ ಆಯ್ಕೆಯಾದಾಗ ನಮ್ಮ ಸಭೆಗಳಲ್ಲಿ ಪ್ರಯಾಣದ ವೆಚ್ಚ, ವಸತಿ, ಯಾರು ಹೋಗಬೇಕು ಎಂಬ ವಿಷಯಗಳು ಚರ್ಚೆಗೆ ಬರುತ್ತವೆ. ಮಳಿಗೆಯ ಅಳತೆ ಎಷ್ಟು, ಅದರಲ್ಲಿ ಹಿಡಿಯದ ಮಾಲನ್ನು ಎಲ್ಲಿ ಇಡಬೇಕು ಎಂಬ ಪ್ರಶ್ನೆ ಮಾತ್ರ ಬಹುಮಟ್ಟಿಗೆ ಹಿಂದುಳಿಯುತ್ತದೆ. ತಂದ ಮಾಲೆಲ್ಲವನ್ನೂ ಮಳಿಗೆಯೊಳಗೆ ತುಂಬಿದರೆ ಕೊಳ್ಳುವವರು ನಿಲ್ಲಲು ಜಾಗವಿರುವುದಿಲ್ಲ. ಹೊರಗೆ ರಾಶಿ ಹಾಕಿದರೆ ಮಳೆ, ಧೂಳು ಮತ್ತು ಕಳವಿನ ಭಯ. ಈ ಇಕ್ಕಟ್ಟಿನಿಂದ ಪಾರಾಗಲು ಅನುಸರಿಸಬಹುದಾದ ಸೂತ್ರ ಸರಳವಾಗಿದೆ: ಮಳಿಗೆಯಲ್ಲಿ ಒಂದು ದಿನದ ಮಾಲು ಮಾತ್ರ ಇರಬೇಕು, ಉಳಿದುದಕ್ಕೆ ಬೇರೊಂದು ಭದ್ರವಾದ ಸ್ಥಳವನ್ನು ಮೇಳಕ್ಕೆ ಮೊದಲೇ ಗೊತ್ತುಪಡಿಸಬೇಕು. ಈ ಸೂತ್ರವನ್ನು ಕಾರ್ಯರೂಪಕ್ಕೆ ತರುವ ಬಗೆಯನ್ನು ಅಳತೆ ಮತ್ತು ಲೆಕ್ಕಗಳ ಸಹಿತ ಈ ಲೇಖನದಲ್ಲಿ ವಿವರಿಸಲಾಗಿದೆ.

1. ಇದು ಪಂಚಾಯಿತಿಯ ವಿಷಯ ಹೇಗೆ?

ಸಂವಿಧಾನದ 73ನೇ ತಿದ್ದುಪಡಿಯ ಮೂಲಕ ಸೇರಿಸಲಾದ ಹನ್ನೊಂದನೇ ಅನುಸೂಚಿಯಲ್ಲಿ 29 ವಿಷಯಗಳಿವೆ. ಅವುಗಳಲ್ಲಿ ಖಾದಿ, ಗ್ರಾಮ ಮತ್ತು ಗುಡಿ ಕೈಗಾರಿಕೆ 9ನೆಯದು. ಸಾಂಸ್ಕೃತಿಕ ಚಟುವಟಿಕೆ 21ನೆಯದು. ಮಾರುಕಟ್ಟೆ ಮತ್ತು ಜಾತ್ರೆಗಳು 22ನೆಯದು. ಕಲಾ ಮೇಳದ ಮಳಿಗೆ ಈ ಮೂರಕ್ಕೂ ಸಂಬಂಧಿಸಿದ್ದು. ಸಂತೆ ಮೈದಾನ, ಸಮುದಾಯ ಭವನ, ದೀಪ ಮತ್ತು ಕುಡಿಯುವ ನೀರಿನ ವ್ಯವಸ್ಥೆ ನಮ್ಮ ಕೈಯಲ್ಲಿರುವುದರಿಂದ, ಮೇಳಕ್ಕೆ ಸಂಘವನ್ನು ಕಳುಹಿಸುವಾಗಲೂ ನಮ್ಮ ಊರಿನಲ್ಲೇ ಮೇಳ ನಡೆಸುವಾಗಲೂ ಪಂಚಾಯಿತಿಯ ನಿರ್ಧಾರಗಳು ನೇರ ಪರಿಣಾಮ ಬೀರುತ್ತವೆ.

ಇದರಲ್ಲಿ ಅಡಗಿರುವ ಹಣದ ಪ್ರಶ್ನೆಯನ್ನೂ ಗಮನಿಸಬೇಕು. ಮೇಳಕ್ಕೆ ಒಯ್ಯುವ ಮಾಲಿನ ಹಿಂದೆ ಅನೇಕ ಬಾರಿ ಸಂಘದ ಉಳಿತಾಯ, ಒಕ್ಕೂಟದಿಂದ ಪಡೆದ ಸಮುದಾಯ ಬಂಡವಾಳ ನಿಧಿ ಅಥವಾ ಬ್ಯಾಂಕ್ ಸಾಲ ಇರುತ್ತದೆ. ಉದಾಹರಣೆಗೆ, ತಲಾ 350 ರೂ. ಬೆಲೆಯ 300 ಕಸೂತಿ ಚೀಲಗಳನ್ನು ಒಯ್ದ ಸಂಘದ ಒಟ್ಟು ಮಾಲು 1,05,000 ರೂ. ಮೌಲ್ಯದ್ದು. ಅದರಲ್ಲಿ 40 ಚೀಲಗಳು ನೀರು ತಾಗಿ ಬಣ್ಣ ಬಿಟ್ಟರೆ 14,000 ರೂ. ಹೋಯಿತು. ಸಾಲದ ಕಂತು ಮಾತ್ರ ಒಂದು ರೂಪಾಯಿಯೂ ಕಡಿಮೆಯಾಗುವುದಿಲ್ಲ. ಮಾರಾಟ ಕಡಿಮೆಯಾದರೆ ಮಾಲನ್ನು ಮುಂದಿನ ಮೇಳದಲ್ಲಿ ಮಾರಬಹುದು; ಹಾಳಾದ ಮಾಲಿಗೆ ಆ ಅವಕಾಶವಿಲ್ಲ. ಒಂದು ಕೌದಿಗೆ ವಾರಗಟ್ಟಲೆ ಕೂತು ಹಾಕಿದ ಹೊಲಿಗೆಯ ಶ್ರಮವೂ ಅದರೊಂದಿಗೆ ಹೋಗುತ್ತದೆ.

2. ಮೇಳದ ಅವಧಿ ಮತ್ತು ದೂರ

ದಾಸ್ತಾನಿನ ಯೋಜನೆ ಮೇಳದ ಅವಧಿಯನ್ನು ಅವಲಂಬಿಸಿದೆ. ಮೂರು ಪ್ರಸಿದ್ಧ ಉದಾಹರಣೆಗಳನ್ನು ಹೋಲಿಸಿ ನೋಡಬಹುದು.

ಬೆಂಗಳೂರಿನಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತು ಪ್ರತಿವರ್ಷ ಕುಮಾರಕೃಪಾ ರಸ್ತೆಯಲ್ಲಿ ನಡೆಸುವ ಚಿತ್ರಸಂತೆ ಮೂಲತಃ ಒಂದು ದಿನದ ಮಾರುಕಟ್ಟೆ. ಸಾವಿರಕ್ಕೂ ಹೆಚ್ಚು ಕಲಾವಿದರು ರಸ್ತೆಯ ಬದಿಯಲ್ಲಿ ತಮಗೆ ದೊರೆತ ಸ್ಥಳದಲ್ಲಿ ಚಿತ್ರಗಳನ್ನು ಜೋಡಿಸುತ್ತಾರೆ. ಬೆಳಿಗ್ಗೆ ತಂದದ್ದನ್ನು ಸಂಜೆ ಒಯ್ಯಬೇಕು. ಇಲ್ಲಿ ಮೀಸಲು ದಾಸ್ತಾನಿನ ಪ್ರಶ್ನೆಯೇ ಇಲ್ಲ. ಇಬ್ಬರು ಹೊರಬಹುದಾದಷ್ಟು ಮಾತ್ರ ಒಯ್ಯುವುದು ಜಾಣತನ.

ದೆಹಲಿಯಲ್ಲಿ 1994ರಲ್ಲಿ ಆರಂಭವಾದ ದಿಲ್ಲಿ ಹಾಟ್‌ನಲ್ಲಿ ಕುಶಲಕರ್ಮಿಗಳಿಗೆ ಮಳಿಗೆಗಳನ್ನು 15 ದಿನಗಳ ಸರದಿಯಂತೆ ನೀಡುವ ಪದ್ಧತಿ ಇದೆ. ಇಂತಹ ಕಡೆ ದಿನದ ಮಾಲು ಮತ್ತು ಮೀಸಲು ಮಾಲು ಎಂಬ ವಿಂಗಡಣೆ ಅನಿವಾರ್ಯ.

ಮೂರನೆಯದು ಹೈದರಾಬಾದಿನ ನುಮಾಯಿಷ್. ರಾಯಚೂರು ಜಿಲ್ಲೆ ಹೈದರಾಬಾದ್ ಸಂಸ್ಥಾನದಲ್ಲಿದ್ದ ಕಾಲದಲ್ಲಿ, 1938ರಲ್ಲಿ, ಆರಂಭವಾದ ಈ ವಸ್ತುಪ್ರದರ್ಶನ ಸಾಮಾನ್ಯವಾಗಿ ಜನವರಿ 1ರಿಂದ 46 ದಿನ ನಾಂಪಲ್ಲಿಯ ಮೈದಾನದಲ್ಲಿ ನಡೆಯುತ್ತದೆ. ಇಷ್ಟು ದೀರ್ಘ ಅವಧಿಗೆ ಮಾಲನ್ನು ಎರಡು ಮೂರು ಕಂತುಗಳಲ್ಲಿ ತರಿಸಿಕೊಳ್ಳುವುದೇ ಸೂಕ್ತ.

ಅವಧಿಯ ಜೊತೆಗೆ ದೂರವನ್ನೂ ಪರಿಗಣಿಸಬೇಕು. ಚನ್ನಪಟ್ಟಣದ ಕುಶಲಕರ್ಮಿಗೆ ಬೆಂಗಳೂರು ಸುಮಾರು 60 ಕಿ.ಮೀ. ಗೊಂಬೆ ಮುಗಿದರೆ ಮರುದಿನವೇ ಮತ್ತೆ ತರಬಹುದು. ಪಾಮನಕಲ್ಲೂರು ಹೋಬಳಿಯ ಸಂಘಕ್ಕೆ ಅದೇ ಬೆಂಗಳೂರು ಸುಮಾರು 400 ಕಿ.ಮೀ. ದೂರ. ಮಧ್ಯದಲ್ಲಿ ಬಂದು ಹೋಗುವುದು ಎರಡು ರಾತ್ರಿಗಳ ಪ್ರಯಾಣ. ಆದ್ದರಿಂದ ನಮ್ಮವರು ಎಲ್ಲ ಮಾಲನ್ನೂ ಒಮ್ಮೆಗೇ ಒಯ್ಯುತ್ತಾರೆ, ಆದರೆ ಎಲ್ಲರಿಗೂ ದೊರೆಯುವ ಮಳಿಗೆ ಒಂದೇ ಅಳತೆಯದು. ದೂರದ ಊರಿನವರಿಗೆ ದಾಸ್ತಾನಿನ ಕೊಠಡಿ ಹೆಚ್ಚು ಅಗತ್ಯವಾಗಲು ಕಾರಣ ಇದೇ.

3. ಹತ್ತು ಅಡಿ ಮಳಿಗೆಯ ಲೆಕ್ಕ

ಮೇಳಗಳಲ್ಲಿ ಸಾಮಾನ್ಯವಾಗಿ ಕಾಣುವ ಮಳಿಗೆ 10 ಅಡಿ ಅಗಲ, 10 ಅಡಿ ಆಳದ್ದು. ನೆಲದ ವಿಸ್ತೀರ್ಣ 100 ಚದರ ಅಡಿ. ಮೂರು ಬದಿಯ ಗೋಡೆ ಅಥವಾ ಪರದೆಯನ್ನು 7 ಅಡಿ ಎತ್ತರದವರೆಗೆ ಬಳಸಿದರೆ 10 × 7 × 3, ಅಂದರೆ 210 ಚದರ ಅಡಿ ದೊರೆಯುತ್ತದೆ. ನೆಲಕ್ಕಿಂತ ಗೋಡೆಯೇ ಎರಡು ಪಟ್ಟು ದೊಡ್ಡದು. ಆದ್ದರಿಂದ ತೋರಿಸುವ ವಸ್ತುಗಳನ್ನು ಸಾಧ್ಯವಾದಷ್ಟೂ ಗೋಡೆಗೆ ಏರಿಸಿ, ನೆಲವನ್ನು ಜನರಿಗೆ ಬಿಡಬೇಕು.

ಈ ಮಳಿಗೆಗೆ ಹೊಂದುವ ಒಂದು ಜೋಡಣೆ ಹೀಗಿದೆ:

ಅ) 6 ಅಡಿ ಉದ್ದ, 2 ಅಡಿ ಅಗಲದ ಎರಡು ಮೇಜುಗಳನ್ನು ಎಡ ಮತ್ತು ಬಲ ಬದಿಗಳಿಗೆ, ಮುಂಭಾಗದಿಂದ ಆರಂಭವಾಗುವಂತೆ ಇಡುವುದು. ಎರಡೂ ಸೇರಿ 24 ಚದರ ಅಡಿ.

ಆ) ಹಿಂಬದಿಯಲ್ಲಿ 10 ಅಡಿ ಉದ್ದ, 2 ಅಡಿ ಅಗಲದ ಪಟ್ಟಿಯನ್ನು ಪರದೆಯಿಂದ ಮರೆಮಾಡುವುದು. ಇದು 20 ಚದರ ಅಡಿ. ಮಾರಾಟಗಾರರ ಚೀಲ, ಊಟದ ಡಬ್ಬಿ, ಕಾಗದದ ಕವರು, ದಾರ, ರಸೀದಿ ಪುಸ್ತಕ ಮತ್ತು ಖಾಲಿ ಡಬ್ಬಗಳು ಇಲ್ಲಿರಬೇಕು.

ಇ) ಮೇಜು ಮತ್ತು ಪರದೆಯ ನಡುವೆ ಪ್ರತಿ ಬದಿಯಲ್ಲೂ ಉಳಿಯುವ 2 ಅಡಿ ಅಂತರ ಮಾರಾಟಗಾರರು ನಿಲ್ಲುವ ಸ್ಥಳ.

ಉಳಿದ 56 ಚದರ ಅಡಿಯಲ್ಲಿ ಇಬ್ಬರು ಮಾರಾಟಗಾರರು ಮತ್ತು ಐದಾರು ಮಂದಿ ಕೊಳ್ಳುಗರು ನಿಲ್ಲಬಹುದು. ಮುಂಭಾಗಕ್ಕೆ ಅಡ್ಡಲಾಗಿ ಮೇಜು ಹಾಕಿದರೆ ಜನ ದಾರಿಯಲ್ಲೇ ನಿಂತು ನೋಡಿ ಮುಂದೆ ಸಾಗುತ್ತಾರೆ. ಒಳಗಿನ ಗೋಡೆಯ ಮೇಲಿನ ವಸ್ತುಗಳು ಅವರ ಕೈಗೆ ಸಿಗುವುದಿಲ್ಲ. ಕಸೂತಿ, ಸೀರೆ, ಕೌದಿಗಳನ್ನು ಮುಟ್ಟಿ ನೋಡದೆ ಕೊಳ್ಳುವವರು ವಿರಳ.

ಮೇಜಿನ ಕೆಳಭಾಗವನ್ನು ಲೆಕ್ಕ ಹಾಕಿ ಬಳಸಬೇಕು. ಮೇಜಿನ ಹಲಗೆಯ ಕೆಳಗೆ ನೆಲದಿಂದ ಸುಮಾರು 28 ಅಂಗುಲ ಎತ್ತರವಿರುತ್ತದೆ. ನೆಲದ ಮೇಲೆ ಇಟ್ಟಿಗೆಗಳನ್ನು ಮಲಗಿಸಿ ಹಲಗೆ ಹಾಸಿದರೆ ಸುಮಾರು 4 ಅಂಗುಲ ಹೋಗಿ 24 ಅಂಗುಲ ಉಳಿಯುತ್ತದೆ. 18 ಅಂಗುಲ ಉದ್ದ, 12 ಅಂಗುಲ ಅಗಲ, 12 ಅಂಗುಲ ಎತ್ತರದ ರಟ್ಟಿನ ಡಬ್ಬಗಳನ್ನು ಆರಿಸಿಕೊಂಡರೆ ಉದ್ದಕ್ಕೆ 4, ಅಗಲಕ್ಕೆ 2, ಎತ್ತರಕ್ಕೆ 2, ಒಟ್ಟು 16 ಡಬ್ಬಗಳು ಒಂದು ಮೇಜಿನ ಕೆಳಗೆ ಹಿಡಿಸುತ್ತವೆ. ಮೇಜಿನ ಕಾಲುಗಳು ದಪ್ಪವಿದ್ದರೆ ಒಂದೆರಡು ಕಡಿಮೆಯಾಗಬಹುದು. ಎರಡು ಮೇಜುಗಳಿಗೆ 32 ಡಬ್ಬ. ನೆಲದವರೆಗೆ ಇಳಿಯುವ ಬಟ್ಟೆ ಹೊದಿಸಿದರೆ ಇದಾವುದೂ ಹೊರಗೆ ಕಾಣುವುದಿಲ್ಲ. ಬೇರೆ ಬೇರೆ ಅಳತೆಯ ಡಬ್ಬಗಳು, ಗೋಣಿಚೀಲಗಳು, ಬಟ್ಟೆಯ ಗಂಟುಗಳು ಬಂದರೆ ಅದೇ ಜಾಗದಲ್ಲಿ ಅರ್ಧದಷ್ಟೂ ಹಿಡಿಸದೆ ಹೋಗಬಹುದು. ಆದ್ದರಿಂದ ಒಕ್ಕೂಟದ ಎಲ್ಲ ಸಂಘಗಳಿಗೂ ಒಂದೇ ಅಳತೆಯ ಡಬ್ಬಗಳನ್ನು ಒಮ್ಮೆಗೇ ಖರೀದಿಸುವುದು ಲಾಭದಾಯಕ. ಒಂದು ಡಬ್ಬದ ತೂಕ 15 ಕೆ.ಜಿ. ಮೀರದಿದ್ದರೆ ಒಬ್ಬ ಮಹಿಳೆ ಟಂಟಂನಿಂದ ಬಸ್ಸಿಗೆ, ಬಸ್ಸಿನಿಂದ ಮಳಿಗೆಗೆ ಸಾಗಿಸಲು ಅನುಕೂಲ.

4. ಮಾಲಿನ ಸ್ವಭಾವಕ್ಕೆ ತಕ್ಕ ಜೋಡಣೆ

ಕೌದಿ: ಹೆಚ್ಚು ಜಾಗ ಬೇಡುವ ವಸ್ತು. ಒಂದು ಕೌದಿಯನ್ನು 24 ಅಂಗುಲ ಉದ್ದ, 18 ಅಂಗುಲ ಅಗಲ, 4 ಅಂಗುಲ ದಪ್ಪಕ್ಕೆ ಮಡಚಲು ಸಾಧ್ಯವಾದರೆ ಮೇಜಿನ ಕೆಳಗೆ ನಾಲ್ಕು ಸಾಲು, ಸಾಲಿಗೆ ಆರರಂತೆ 24 ಕೌದಿಗಳು ಹಿಡಿಯುತ್ತವೆ. ತೋರಿಸಲು ಎರಡು ಅಥವಾ ಮೂರು ಸಾಕು. ಒಂದನ್ನು ಹಿಂಬದಿಯ ಗೋಡೆಗೆ ಪೂರ್ತಿಯಾಗಿ ಬಿಡಿಸಿ ತೂಗುಹಾಕಬೇಕು. ಉಳಿದವನ್ನು ಅಂಚು ಕಾಣುವಂತೆ ಮಡಚಿ ಮೇಜಿನ ಮೇಲಿಡಬೇಕು. ಉಳಿದ ವಿನ್ಯಾಸಗಳ ಬಣ್ಣದ ಫೋಟೋಗಳನ್ನು ಕಡತದಲ್ಲಿ ಸೇರಿಸಿ, ಪ್ರತಿ ಫೋಟೋದ ಕೆಳಗೆ ಕೌದಿಯ ಸಂಖ್ಯೆ ಬರೆದಿಟ್ಟರೆ, ಕೊಳ್ಳುವವರು ಆರಿಸಿದ್ದನ್ನು ಮಾತ್ರ ತೆಗೆದು ಬಿಡಿಸಬಹುದು. ಹತ್ತು ಕೌದಿ ಬಿಡಿಸಿ ಮತ್ತೆ ಮಡಚುವ ಶ್ರಮವೂ ಕೊಳೆಯಾಗುವ ಸಂಭವವೂ ತಪ್ಪುತ್ತವೆ.

ಲಂಬಾಣಿ ಕಸೂತಿ: ಕನ್ನಡಿ, ಕವಡೆ ಮತ್ತು ದಪ್ಪ ದಾರದ ಕೆಲಸವಿರುವುದರಿಂದ ಒಂದರ ಕನ್ನಡಿ ಇನ್ನೊಂದರ ದಾರವನ್ನು ಉಜ್ಜುತ್ತದೆ. ಕೆಲಸವಿರುವ ಬದಿಯನ್ನು ಒಳಗೆ ಮಾಡಿ, ನಡುವೆ ತೆಳುವಾದ ಹತ್ತಿ ಬಟ್ಟೆ ಇಟ್ಟು ಮಡಚಬೇಕು. ಚೀಲ, ಪರ್ಸು, ದಿಂಬಿನ ಕವರುಗಳನ್ನು ಗೋಡೆಯ ಜಾಲರಿಗೆ ಕೊಕ್ಕೆಯಿಂದ ತೂಗುಹಾಕಬಹುದು. ತೇವವಿರುವಾಗ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಬಾರದು; ಬೂಷ್ಟು ಹಿಡಿಯುತ್ತದೆ.

ಕಿನ್ನಾಳದ ಗೊಂಬೆ: ಹಗುರವಾದ ಮರದಿಂದ ಕೆತ್ತಿ, ಹುಣಸೆ ಬೀಜದ ಅಂಟನ್ನು ಬಳಸಿ ಮೇಲ್ಮೈ ಸಿದ್ಧಪಡಿಸಿ ಬಣ್ಣ ಹಚ್ಚುವ ಈ ಗೊಂಬೆಗಳಿಗೆ ನೀರು ಶತ್ರು. ಕೈ, ಕೊಂಬು, ರೆಕ್ಕೆಯಂತಹ ಚಾಚಿದ ಭಾಗಗಳು ಮುರಿಯುತ್ತವೆ. 6 ಅಂಗುಲದ ಘನಾಕೃತಿಯ ಒಳಪೆಟ್ಟಿಗೆಯಲ್ಲಿ ಒಂದೊಂದನ್ನೂ ಇಟ್ಟರೆ ಮೇಲೆ ಹೇಳಿದ ಡಬ್ಬದಲ್ಲಿ 12 ಗೊಂಬೆಗಳು, ಒಂದು ಮೇಜಿನ ಕೆಳಗೆ 192 ಗೊಂಬೆಗಳು ಹಿಡಿಯುತ್ತವೆ. ಚನ್ನಪಟ್ಟಣದ ಗೊಂಬೆಗಳಂತೆ ಅರಗಿನ ಬಣ್ಣವಿರುವ ವಸ್ತುಗಳನ್ನು ಬಿಸಿಯಾಗುವ ದೀಪದ ಕೆಳಗೂ ಮಧ್ಯಾಹ್ನದ ಬಿಸಿಲು ಬೀಳುವ ಕಡೆಯೂ ಇಡಬಾರದು. ನಮ್ಮ ಜಿಲ್ಲೆಯ ಬೇಸಿಗೆಯಲ್ಲಿ ತಗಡಿನ ಚಾವಣಿಯ ಕೆಳಗಿನ ಶಾಖವನ್ನು ಎಲ್ಲರೂ ಬಲ್ಲರು.

ಚಿತ್ರಪಟ: ಚೌಕಟ್ಟು ಹಾಕಿದ ಚಿತ್ರಗಳನ್ನು ಒಂದರ ಮೇಲೊಂದು ಮಲಗಿಸಿದರೆ ಕೆಳಗಿನ ಗಾಜು ಒಡೆಯುತ್ತದೆ. ಪುಸ್ತಕಗಳಂತೆ ನಿಲ್ಲಿಸಿ, ಮುಖಕ್ಕೆ ಮುಖ, ಬೆನ್ನಿಗೆ ಬೆನ್ನು ಮಾಡಿ, ನಡುವೆ ರಟ್ಟು ಇಡಬೇಕು. ಒಂದಂಗುಲ ದಪ್ಪದ 20 ಚೌಕಟ್ಟುಗಳು ರಟ್ಟು ಸಹಿತ ಸುಮಾರು 2 ಅಡಿ ಜಾಗದಲ್ಲಿ ನಿಲ್ಲುತ್ತವೆ. ದಪ್ಪ ಬಣ್ಣ ಅಥವಾ ಚಿನ್ನದ ಕೆಲಸವಿರುವ ಚಿತ್ರಗಳನ್ನು ಸುರುಳಿ ಸುತ್ತಬಾರದು, ಬಣ್ಣ ಬಿರಿಯುತ್ತದೆ.

ಬಿದರಿ ಕೆಲಸ: ಸತು ಮತ್ತು ತಾಮ್ರದ ಮಿಶ್ರಲೋಹದ ಮೇಲೆ ಬೆಳ್ಳಿ ಕೂರಿಸಿದ ಈ ವಸ್ತುಗಳು ಚಿಕ್ಕವಾದರೂ ಭಾರ ಮತ್ತು ಬೆಲೆ ಹೆಚ್ಚು. ಒಂದೊಂದನ್ನೂ ಮೆತ್ತನೆಯ ಬಟ್ಟೆಯಲ್ಲಿ ಪ್ರತ್ಯೇಕವಾಗಿ ಸುತ್ತಿ, ಅತ್ಯಂತ ಕೆಳಗಿನ ಡಬ್ಬದಲ್ಲಿ ಇಡಬೇಕು. ರಾತ್ರಿ ಮಳಿಗೆಯಲ್ಲಿ ಬಿಡಬಾರದು.

5. ದಾಸ್ತಾನಿನ ಮೂರು ಹಂತಗಳು

ಮಾಲನ್ನು ಪ್ರದರ್ಶನದ ಮಾಲು, ದಿನದ ಮಾಲು ಮತ್ತು ಮೀಸಲು ಮಾಲು ಎಂದು ಮೂರಾಗಿ ವಿಂಗಡಿಸಬೇಕು. ಗೋಡೆ ಮತ್ತು ಮೇಜಿನ ಮೇಲಿರುವುದು ಮೊದಲನೆಯದು. ಮೇಜಿನ ಕೆಳಗಿರುವುದು ಎರಡನೆಯದು. ಬೇರೆ ಕೊಠಡಿಯಲ್ಲಿರುವುದು ಮೂರನೆಯದು. ದಿನದ ಮಾಲು ಎಷ್ಟಿರಬೇಕೆಂಬುದನ್ನು ಹೀಗೆ ಲೆಕ್ಕ ಹಾಕಬಹುದು.

ಶುಕ್ರವಾರ ಆರಂಭವಾಗುವ 10 ದಿನಗಳ ಮೇಳಕ್ಕೆ 300 ಚೀಲಗಳನ್ನು ಒಯ್ಯಲಾಗಿದೆ ಎಂದು ಭಾವಿಸೋಣ. ಈ ಅವಧಿಯಲ್ಲಿ ಎರಡು ಭಾನುವಾರಗಳು ಬರುತ್ತವೆ. ಭಾನುವಾರದ ಮಾರಾಟ ಸಾಮಾನ್ಯ ದಿನದ ಎರಡು ಪಟ್ಟು ಎಂದು ಹಿಡಿದರೆ, 8 ಸಾಮಾನ್ಯ ದಿನಗಳು ಮತ್ತು 2 ಭಾನುವಾರಗಳು ಸೇರಿ 12 ಸಾಮಾನ್ಯ ದಿನಗಳಿಗೆ ಸಮ. 300ನ್ನು 12ರಿಂದ ಭಾಗಿಸಿದರೆ ದಿನಕ್ಕೆ 25, ಭಾನುವಾರ 50. ಪ್ರದರ್ಶನಕ್ಕೆ 40 ಚೀಲಗಳು ಬೇಕಾದರೆ ಸಾಮಾನ್ಯ ದಿನ ಮಳಿಗೆಯಲ್ಲಿ 65, ಭಾನುವಾರ 90 ಚೀಲಗಳಿದ್ದರೆ ಸಾಕು. ಮೊದಲ ದಿನ ಉಳಿದ 235 ಚೀಲಗಳಿಗೆ ಮಳಿಗೆಯಲ್ಲಿ ಕೆಲಸವಿಲ್ಲ. ಮೂರನೆಯ ದಿನದ ನಂತರ ನಿಜವಾದ ಮಾರಾಟವನ್ನು ನೋಡಿ ಈ ಸಂಖ್ಯೆಗಳನ್ನು ತಿದ್ದಿಕೊಳ್ಳಬೇಕು. ಹಿಂದಿನ ಮೇಳದ ಮಾರಾಟ ಪುಸ್ತಕವಿದ್ದರೆ ಲೆಕ್ಕ ಮೊದಲ ದಿನದಿಂದಲೇ ಹೆಚ್ಚು ನಿಖರವಾಗುತ್ತದೆ.

ಮಾಲು ತುಂಬುವ ಕೆಲಸ ಮಳಿಗೆ ಮುಚ್ಚಿದ ಮೇಲೆ ಅಥವಾ ಬೆಳಿಗ್ಗೆ ತೆರೆಯುವ ಮುನ್ನ ನಡೆಯಬೇಕು. ಕೊಳ್ಳುವವರು ನಿಂತಿರುವಾಗ ಡಬ್ಬ ಒಡೆದು ಹುಡುಕುತ್ತಾ ಕೂತರೆ ಅವರು ಪಕ್ಕದ ಮಳಿಗೆಗೆ ಹೋಗುತ್ತಾರೆ. ಇದಕ್ಕಾಗಿ ಪ್ರತಿ ಡಬ್ಬಕ್ಕೂ ಸಂಖ್ಯೆ ಕೊಟ್ಟು, ಸಂಖ್ಯೆಯನ್ನು ಎರಡು ಪಕ್ಕಗಳಲ್ಲಿ ದೊಡ್ಡದಾಗಿ ಬರೆಯಬೇಕು. ಮುಚ್ಚಳದ ಮೇಲೆ ಬರೆದ ಸಂಖ್ಯೆ ಮತ್ತೊಂದು ಡಬ್ಬ ಮೇಲೆ ಬಂದ ಕೂಡಲೇ ಕಾಣದಾಗುತ್ತದೆ. ಒಂದು ಪುಸ್ತಕದಲ್ಲಿ ಡಬ್ಬದ ಸಂಖ್ಯೆ, ವಸ್ತು, ತಯಾರಿಸಿದ ಸದಸ್ಯೆಯ ಹೆಸರು, ತುಂಬಿದ ಎಣಿಕೆ, ತೆಗೆದ ಎಣಿಕೆ, ಉಳಿಕೆ ಎಂಬ ಆರು ಅಂಕಣಗಳಿದ್ದರೆ ಸಾಕು. ಪ್ರತಿ ರಾತ್ರಿ ಉಳಿಕೆಯನ್ನೂ ಮಾರಾಟದ ಹಣವನ್ನೂ ತಾಳೆ ನೋಡಬೇಕು. ಹತ್ತು ಮಹಿಳೆಯರ ಮಾಲನ್ನು ಇಬ್ಬರು ಒಯ್ದು ಮಾರುವಾಗ, ಊರಿಗೆ ಮರಳಿದ ಮೇಲೆ ಸಂಘದಲ್ಲಿ ಮನಸ್ತಾಪ ಬಾರದಂತೆ ಕಾಯುವುದು ಈ ಪುಸ್ತಕವೇ.

10 ದಿನಗಳಿಗಿಂತ ದೀರ್ಘವಾದ ಮೇಳವಾದರೆ ಮೂರನೇ ಎರಡು ಭಾಗವನ್ನು ಮೊದಲು ಒಯ್ದು, ಉಳಿದುದನ್ನು ಊರಿನಲ್ಲೇ ಕಟ್ಟಿ ಸಿದ್ಧವಾಗಿಡಬಹುದು. ಯಾವ ವಸ್ತು ಹೆಚ್ಚು ಹೋಗುತ್ತಿದೆ ಎಂದು ತಿಳಿದ ಮೇಲೆ ಅದನ್ನು ಮಾತ್ರ ಪಾರ್ಸೆಲ್ ಮೂಲಕ ತರಿಸಿಕೊಳ್ಳಬಹುದು.

6. ನೀರು, ಧೂಳು, ಬೆಂಕಿ, ಕಳವು

ನಮ್ಮ ಭಾಗದ ಎರೆ ಭೂಮಿಯಲ್ಲಿ ಶಾಮಿಯಾನ ಹಾಕುವಾಗ ವಿಶೇಷ ಎಚ್ಚರ ಬೇಕು. ಒಣಗಿದಾಗ ಧೂಳಾಗುವ ಈ ಮಣ್ಣು ಒಂದು ಮಳೆಗೆ ಅಂಟಾಗಿ, ನೀರು ಬೇಗ ಇಂಗದೆ ನಿಲ್ಲುತ್ತದೆ. ರಟ್ಟಿನ ಡಬ್ಬ ನೆಲಕ್ಕೆ ತಾಗಿದ್ದರೆ ಒಂದೇ ರಾತ್ರಿಯಲ್ಲಿ ತಳ ಮೆತ್ತಗಾಗುತ್ತದೆ. ಮೊರಂ ಹಾಕಿ ಎತ್ತರಿಸಿದ ನೆಲ, ಮಳಿಗೆಯ ಹಿಂದೆ ಒಂದು ಸಣ್ಣ ಕಾಲುವೆ, ಡಬ್ಬಗಳ ಕೆಳಗೆ ಇಟ್ಟಿಗೆ ಮತ್ತು ಹಲಗೆ, ಮೇಲೆ ತಾಡಪತ್ರಿ ಇವು ಕನಿಷ್ಠ ಅಗತ್ಯಗಳು. ತಾಡಪತ್ರಿಯ ಅಂಚು ಕಾಲುವೆಯಾಚೆ ಇಳಿಯಬೇಕು. ಇಲ್ಲವಾದರೆ ಸೂರಿನ ನೀರೆಲ್ಲ ಮಳಿಗೆಯ ಹಿಂಬದಿಗೇ ಬೀಳುತ್ತದೆ.

ಬೆಂಕಿಯ ವಿಷಯದಲ್ಲಿ ನಾಂಪಲ್ಲಿಯ ನುಮಾಯಿಷ್‌ನ ಅನುಭವವನ್ನು ಎಲ್ಲ ಮೇಳಗಳೂ ನೆನಪಿಡಬೇಕು. 2019ರ ಜನವರಿ 30ರ ರಾತ್ರಿ ಅಲ್ಲಿ ಹೊತ್ತಿದ ಬೆಂಕಿಯಲ್ಲಿ ನೂರಾರು ಮಳಿಗೆಗಳು ನಾಶವಾದವು. ಬಟ್ಟೆ, ಮರ, ರಟ್ಟು ತುಂಬಿದ ಮಳಿಗೆಗಳು ಒತ್ತೊತ್ತಾಗಿದ್ದಾಗ ಬೆಂಕಿ ಎಷ್ಟು ವೇಗವಾಗಿ ಹರಡುತ್ತದೆ ಎಂಬುದಕ್ಕೆ ಅದು ಉದಾಹರಣೆ. ಮಳಿಗೆಯಲ್ಲಿ ಒಂದು ದಿನದ ಮಾಲು ಮಾತ್ರ ಇರಬೇಕೆಂಬ ಸೂತ್ರಕ್ಕೆ ಇದು ಇನ್ನೊಂದು ಬಲವಾದ ಕಾರಣ: ದುರ್ಘಟನೆ ನಡೆದರೂ ಸಂಘದ ಇಡೀ ಬಂಡವಾಳ ಒಂದೇ ಕಡೆ ಹೋಗುವುದಿಲ್ಲ. ಮೀಸಲು ಕೊಠಡಿಯೂ ಮಳಿಗೆಗಳ ಸಾಲಿಗೆ ಅಂಟಿಕೊಂಡಿರಬಾರದು. ಮಳಿಗೆಗಳಲ್ಲಿ ಎಲ್‌ಇಡಿ ದೀಪಗಳನ್ನೇ ಬಳಸುವುದು, ವೈರಿನ ಜೋಡಣೆಗಳು ಬಟ್ಟೆಗೂ ಡಬ್ಬಕ್ಕೂ ತಾಗದಂತೆ ನೋಡಿಕೊಳ್ಳುವುದು, ಮಳಿಗೆಯೊಳಗೆ ಅಡುಗೆ ಹಾಗೂ ಅಗರಬತ್ತಿ ನಿಷೇಧಿಸುವುದು, ಪ್ರತಿ ಸಾಲಿಗೂ ಅಗ್ನಿಶಾಮಕ ಸಿಲಿಂಡರ್ ಮತ್ತು ಮರಳಿನ ಬಕೆಟ್ ಇಡುವುದು ಆಯೋಜಕರ ಹೊಣೆ. ಮಳಿಗೆಯ ಹಿಂದಿನ ದಾರಿಯಲ್ಲಿ ಖಾಲಿ ಡಬ್ಬಗಳ ರಾಶಿ ಬೀಳದಂತೆ ಪ್ರತಿದಿನ ತಪಾಸಣೆ ನಡೆಯಬೇಕು.

ಕಳವಿನ ಸಂಭವ ಹೆಚ್ಚಿರುವುದು ಜನಸಂದಣಿಯ ಸಂಜೆ ಮತ್ತು ಕಾವಲಿಲ್ಲದ ರಾತ್ರಿ. ಚಿಕ್ಕ ಹಾಗೂ ಬೆಲೆಬಾಳುವ ವಸ್ತುಗಳು ಕೈಗೆಟುಕುವ ಅಂಚಿನಲ್ಲಿರದೆ ಒಳಬದಿಯ ಗೋಡೆಯಲ್ಲಿರಬೇಕು. ಮಹಿಳೆಯರು ಮಾಲು ಕಾಯಲು ರಾತ್ರಿ ಮಳಿಗೆಯಲ್ಲೇ ಮಲಗುವ ಪರಿಸ್ಥಿತಿ ಬರಬಾರದು. ಬೀಗವಿರುವ ದಾಸ್ತಾನು ಕೊಠಡಿ ಇಲ್ಲದ ಕಡೆ ಬಹುತೇಕ ನಡೆಯುವುದು ಇದೇ. ದಾಸ್ತಾನಿನ ಪ್ರಶ್ನೆ ಮಹಿಳೆಯರ ಸುರಕ್ಷತೆಯ ಪ್ರಶ್ನೆಯೂ ಆಗಿದೆ ಎಂಬುದನ್ನು ಸದಸ್ಯರು ಗಮನಿಸಬೇಕು.

7. ನಮ್ಮ ಊರಿನಲ್ಲೇ ಮೇಳ ನಡೆಸುವಾಗ

ಜಾತ್ರೆ, ಉತ್ಸವಗಳ ಸಂದರ್ಭದಲ್ಲಿ ಗ್ರಾಮ ಪಂಚಾಯಿತಿಯೇ ಕರಕುಶಲ ಪ್ರದರ್ಶನ ಏರ್ಪಡಿಸುವಾಗ ಮಳಿಗೆಗಳ ಸಂಖ್ಯೆ ಹೆಚ್ಚಿಸುವ ಒತ್ತಡ ಸಹಜ. 100 ಅಡಿ ಉದ್ದ, 60 ಅಡಿ ಅಗಲದ ಸಂತೆ ಮೈದಾನವೊಂದನ್ನು ಉದಾಹರಣೆಯಾಗಿ ನೋಡೋಣ.

ಎರಡೂ ತುದಿಗಳಲ್ಲಿ ತಲಾ 10 ಅಡಿ ದಾರಿ ಬಿಟ್ಟರೆ 80 ಅಡಿ ಉಳಿಯುತ್ತದೆ. ಒಂದು ಸಾಲಿಗೆ 8 ಮಳಿಗೆ. ಎರಡು ಉದ್ದನೆಯ ಬದಿಗಳಲ್ಲಿ ತಲಾ ಒಂದು ಸಾಲು ಹಾಕಿ, ಪ್ರತಿ ಸಾಲಿನ ಹಿಂದೆ ಮಾಲು ಸಾಗಿಸಲು 4 ಅಡಿ ದಾರಿ ಬಿಟ್ಟರೆ 28 ಅಡಿ ಹೋಗಿ ನಡುವೆ 32 ಅಡಿ ಉಳಿಯುತ್ತದೆ. ಆ ನಡುವೆ 10 ಅಡಿ ಅಗಲದ ಇನ್ನೊಂದು ಸಾಲು ಹಾಕಿದರೆ ಎರಡೂ ಪಕ್ಕಗಳಲ್ಲಿ ತಲಾ 11 ಅಡಿ ದಾರಿ ಇರುತ್ತದೆ. ಹೀಗೆ 24 ಮಳಿಗೆಗಳಿಗೆ ಜಾಗವಿದೆ.

24 ಮಳಿಗೆಗಳನ್ನೂ ಹಂಚಿಬಿಟ್ಟರೆ ದಾಸ್ತಾನಿಗೆ ಸ್ಥಳವಿಲ್ಲ. ಮೈದಾನಕ್ಕೆ ಸಮೀಪದಲ್ಲಿ ಸಮುದಾಯ ಭವನ, ಒಕ್ಕೂಟದ ಶೆಡ್ ಅಥವಾ ರಜೆಯ ದಿನಗಳಾದರೆ ಶಾಲಾಭಿವೃದ್ಧಿ ಸಮಿತಿಯ ಒಪ್ಪಿಗೆ ಪಡೆದು ಶಾಲೆಯ ಕೊಠಡಿ ಸಿಕ್ಕರೆ ಅದೇ ಉತ್ತಮ. ಸಿಗದಿದ್ದರೆ ನಡುವಿನ ಸಾಲಿನಲ್ಲಿ 4 ಮಳಿಗೆಗಳನ್ನು ಮಾತ್ರ ಹಾಕಿ, 10 ಅಡಿಯ ಒಂದು ಅಂತರ ಬಿಟ್ಟು, ಉಳಿದ 30 ಅಡಿ ಉದ್ದ, 10 ಅಡಿ ಅಗಲದ ಜಾಗವನ್ನು ತಗಡಿನ ಗೋಡೆಯ ಸಾಮೂಹಿಕ ಉಗ್ರಾಣವಾಗಿ ಮಾಡಬಹುದು. ಅದರೊಳಗೆ ಉದ್ದಕ್ಕೂ 4 ಅಡಿ ಅಗಲದ ನಡುದಾರಿ ಬಿಟ್ಟರೆ ಎರಡೂ ಬದಿಗಳಲ್ಲಿ ತಲಾ 3 ಅಡಿ ಆಳದ ಪಟ್ಟಿ ಸಿಗುತ್ತದೆ. 2 ಅಡಿ ಅಗಲಕ್ಕೆ ಒಂದರಂತೆ ಗುರುತು ಹಾಕಿದರೆ ಬದಿಗೆ 15, ಒಟ್ಟು 30 ಖಾನೆಗಳು. ಪ್ರತಿ ಖಾನೆಯಲ್ಲಿ ಪದರಕ್ಕೆ 4ರಂತೆ 5 ಪದರ, ಒಟ್ಟು 20 ಡಬ್ಬಗಳು ಹಿಡಿಯುತ್ತವೆ. ಕೆಳಗಿನ ಡಬ್ಬ ಕುಸಿಯದಂತೆ ನಡುವೆ ಒಂದು ಹಲಗೆಯ ಅಟ್ಟ ಬೇಕು. 20 ಮಳಿಗೆಗಳಿಗೆ 20 ಖಾನೆಗಳು ಹೋಗಿ, ಉಳಿದ 10 ಖಾನೆಗಳು ಖಾಲಿ ಡಬ್ಬ, ಕುರ್ಚಿ, ತಾಡಪತ್ರಿಗಳಿಗೆ ಮೀಸಲು.

4 ಮಳಿಗೆಗಳನ್ನು ಬಿಟ್ಟುಕೊಟ್ಟು 20 ಸಂಘಗಳ ಮಾಲನ್ನು ರಕ್ಷಿಸಿದಂತಾಯಿತು. ನಡುವಿನ ಸಾಲಿನ 4 ಮಳಿಗೆಗಳು ಎರಡೂ ಕಡೆ ತೆರೆದಿದ್ದು ಹಿಂಬದಿ ಇಲ್ಲದಿರುವುದರಿಂದ, ಅವುಗಳನ್ನು ಕಸೂತಿ ಹಾಕುವುದನ್ನೂ ಗೊಂಬೆಗೆ ಬಣ್ಣ ಬಳಿಯುವುದನ್ನೂ ಜನರ ಎದುರಿಗೇ ಮಾಡಿ ತೋರಿಸುವವರಿಗೆ ಕೊಡುವುದು ಸೂಕ್ತ. ಅವರಿಗೆ ದಾಸ್ತಾನು ಕಡಿಮೆ, ನೋಡುವ ಜನ ಹೆಚ್ಚು.

ಉಗ್ರಾಣಕ್ಕೆ ಎರಡು ಬೀಗಗಳಿರಲಿ: ಒಂದರ ಕೀಲಿ ಪಂಚಾಯಿತಿ ಸಿಬ್ಬಂದಿಯ ಬಳಿ, ಇನ್ನೊಂದರದು ಒಕ್ಕೂಟದ ಪ್ರತಿನಿಧಿಯ ಬಳಿ. ಬೆಳಿಗ್ಗೆ ಒಂದು ಗಂಟೆ, ರಾತ್ರಿ ಒಂದು ಗಂಟೆ ಮಾತ್ರ ತೆರೆಯುವುದು, ಒಳಹೋಗುವ ಹೊರಬರುವ ಡಬ್ಬಗಳ ಸಂಖ್ಯೆಗೆ ಸಹಿ ಪಡೆಯುವುದು ಕಡ್ಡಾಯವಾಗಲಿ. ಮಳಿಗೆ ಹಂಚಿಕೆಯನ್ನು ಚೀಟಿ ಎತ್ತುವ ಮೂಲಕ ಮಾಡಿದರೂ, ಮಾಲಿನ ಬಗೆಯನ್ನು ಮೊದಲೇ ತಿಳಿದು ಕೌದಿಯಂತಹ ದೊಡ್ಡ ಮಾಲಿನವರನ್ನು ಉಗ್ರಾಣಕ್ಕೆ ಹತ್ತಿರದ ಗುಂಪಿನಲ್ಲಿ ಸೇರಿಸಬಹುದು.

8. ಸದಸ್ಯರು ಕೇಳಬೇಕಾದ ಪ್ರಶ್ನೆಗಳು

ಸಂಘವನ್ನು ಮೇಳಕ್ಕೆ ಕಳುಹಿಸುವ ಅಥವಾ ಮೇಳ ಏರ್ಪಡಿಸುವ ವಿಷಯ ಸಭೆಯ ಮುಂದೆ ಬಂದಾಗ ಈ ಕೆಳಗಿನ ಪ್ರಶ್ನೆಗಳಿಗೆ ಉತ್ತರ ಪಡೆಯುವುದು ಅಪೇಕ್ಷಣೀಯ:

1) ಮಳಿಗೆಯ ಅಳತೆ ಎಷ್ಟು? ಎಷ್ಟು ಮೇಜು, ಎಷ್ಟು ದೀಪ ಕೊಡುತ್ತಾರೆ? ಗೋಡೆಗೆ ಕೊಕ್ಕೆ ಹಾಕಲು ಅನುಮತಿ ಇದೆಯೇ?

2) ಆಯೋಜಕರು ದಾಸ್ತಾನು ಕೊಠಡಿ ಕೊಡುತ್ತಾರೆಯೇ? ಇಲ್ಲವಾದರೆ ವಸತಿಯ ಕೊಠಡಿಯಲ್ಲಿ ಮಾಲಿಡಲು ಅವಕಾಶವಿದೆಯೇ? ಅಲ್ಲಿಂದ ಮಳಿಗೆಗೆ ಎಷ್ಟು ದೂರ?

3) ಮಾಲು ಇಳಿಸುವ ವಾಹನ ಮಳಿಗೆಯ ಹತ್ತಿರ ಬರಬಹುದೇ? ಯಾವ ಸಮಯದಲ್ಲಿ?

4) ರಾತ್ರಿ ಕಾವಲು ಯಾರ ಹೊಣೆ? ಮಹಿಳೆಯರ ವಸತಿ ಎಲ್ಲಿ?

5) ಮಾಲಿಗೆ ವಿಮೆ ಇದೆಯೇ? ಇಲ್ಲವಾದರೆ ಒಕ್ಕೂಟದ ಮೂಲಕ ಮಾಡಿಸಬಹುದೇ?

6) ಡಬ್ಬದ ಪಟ್ಟಿ ಸಿದ್ಧವಿದೆಯೇ? ಅದರ ಒಂದು ಪ್ರತಿ ಒಕ್ಕೂಟದ ಕಚೇರಿಯಲ್ಲಿದೆಯೇ?

7) ಮಾರಾಟವಾಗದೆ ಉಳಿದ ಮಾಲನ್ನು ಮರಳಿ ತರುವ ವೆಚ್ಚವನ್ನು ಲೆಕ್ಕಕ್ಕೆ ಸೇರಿಸಲಾಗಿದೆಯೇ?

ಏಳನೆಯ ಪ್ರಶ್ನೆಯನ್ನು ಮರೆತರೆ ಮೇಳದ ಕೊನೆಯ ಸಂಜೆ ಸಾಗಣೆಯ ಖರ್ಚಿಗೆ ಹೆದರಿ ಒಳ್ಳೆಯ ಮಾಲನ್ನು ಅರ್ಧ ಬೆಲೆಗೆ ಕೊಟ್ಟು ಬರುವ ಸ್ಥಿತಿ ಒದಗುತ್ತದೆ. ಖಾಲಿ ಡಬ್ಬಗಳನ್ನು ಎಸೆಯದೆ ಮಡಚಿ ಇಟ್ಟುಕೊಂಡವರಿಗೆ ಮರಳುವ ದಿನ ಮತ್ತೆ ಕಟ್ಟುವ ಕೆಲಸ ಸುಲಭ.

ಮೇಲೆ ಹೇಳಿದ ಕ್ರಮಗಳಲ್ಲಿ ಹೆಚ್ಚಿನವಕ್ಕೆ ದೊಡ್ಡ ಮೊತ್ತದ ಅಗತ್ಯವಿಲ್ಲ. ಒಂದೇ ಅಳತೆಯ ಡಬ್ಬಗಳು, ಇಟ್ಟಿಗೆ, ಹಲಗೆ, ಒಂದು ತಾಡಪತ್ರಿ, ಒಂದು ಪುಸ್ತಕ ಮತ್ತು ಬೀಗವಿರುವ ಒಂದು ಕೊಠಡಿ ಇಷ್ಟೇ ಸಾಮಗ್ರಿ. ಮುಂಬರುವ ಮೇಳಗಳ ಹಂಗಾಮಿಗೆ ಮುನ್ನ ಪ್ರತಿ ಗ್ರಾಮ ಪಂಚಾಯಿತಿಯು ತನ್ನ ವ್ಯಾಪ್ತಿಯ ಸಂಜೀವಿನಿ ಒಕ್ಕೂಟದೊಂದಿಗೆ ಒಂದು ಸಭೆ ನಡೆಸಿ, ಯಾವ ಸಂಘದ ಬಳಿ ಯಾವ ಮಾಲು ಎಷ್ಟಿದೆ, ಮೇಳದ ಸಮಯದಲ್ಲಿ ಬಳಸಬಹುದಾದ ಕೊಠಡಿಗಳು ಊರಿನಲ್ಲಿ ಎಲ್ಲಿವೆ ಎಂಬ ಪಟ್ಟಿಯನ್ನು ಸಿದ್ಧಪಡಿಸಿಕೊಳ್ಳುವುದು ಸೂಕ್ತ. ಸದರಿ ಪಟ್ಟಿಯನ್ನು ಪಂಚಾಯಿತಿ ಕಚೇರಿಯ ಸೂಚನಾ ಫಲಕದಲ್ಲಿ ಪ್ರಕಟಿಸಿದರೆ ಹೊಸದಾಗಿ ಮೇಳಕ್ಕೆ ಹೋಗಬಯಸುವ ಸಂಘಗಳಿಗೂ ಮಾಹಿತಿ ದೊರೆಯುತ್ತದೆ.